ಬೀಗ ಹಾಕಿದ ಸ್ಯಾಮ್ ಸ್ಟೇಪಲ್ಸ್

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ತೆರಿಗೆ ಕಟ್ಟದೆ ಜೈಲಿನಲ್ಲಿ ಕಳೆದ ಒಂದು ರಾತ್ರಿಯ ಬಗ್ಗೆ ಮಾತನಾಡುವವರೆಲ್ಲ ಒಳಗಿದ್ದವನನ್ನೇ ನೋಡುತ್ತಾರೆ. ನನ್ನ ಕಣ್ಣಿಗೆ ಮೊದಲು ಬಿದ್ದವನು ಹೊರಗಿದ್ದ ಸ್ಯಾಮ್ ಸ್ಟೇಪಲ್ಸ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್ಕಾರ್ಡ್ ಎಂಬ ಊರಿನಲ್ಲಿ ತೆರಿಗೆ ವಸೂಲಿ ಮಾಡುವವನು ಅವನೇ, ಬಂಧಿಸುವವನು ಅವನೇ, ಜೈಲಿನ ಬೀಗದ ಕೈ ಇಟ್ಟುಕೊಂಡವನೂ ಅವನೇ. ನಾನು ಕೊಪ್ಪಳ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಕರ ವಸೂಲಿ ಮಾಡುವವಳು. ಊರಿನವರ ಬಾಯಲ್ಲಿ ಬಿಲ್ ಕಲೆಕ್ಟರ್. ಯಾರನ್ನೂ ಬಂಧಿಸುವ ಅಧಿಕಾರ ನನಗಿಲ್ಲ, ಇರಲೂಬಾರದು. ಆದರೂ ರಸೀದಿ ಪುಸ್ತಕ ಹಿಡಿದು ಮನೆಮನೆಯ ಕಟ್ಟೆಯ ಮೇಲೆ ಕುಳಿತು ಬಂದವಳಿಗೆ ಸ್ಟೇಪಲ್ಸನ ಪಾಡು ಬೇಗ ಅರ್ಥವಾಗುತ್ತದೆ.

ನಡೆದದ್ದು 1846ರ ಜುಲೈಯಲ್ಲಿ. ಥೋರೋ ಆಗ ವಾಲ್ಡನ್ ಕೊಳದ ದಂಡೆಯಲ್ಲಿ, ಗೆಳೆಯನೂ ಲೇಖಕನೂ ಆದ ಎಮರ್ಸನ್ನನ ಜಮೀನಿನಲ್ಲಿ, ತಾನೇ ಕಟ್ಟಿಕೊಂಡ ಗುಡಿಸಲಿನಲ್ಲಿದ್ದ. ರಿಪೇರಿಗೆ ಕೊಟ್ಟ ಬೂಟು ತರಲು ಊರೊಳಗೆ ಬಂದಾಗ ಸ್ಟೇಪಲ್ಸ್ ತಡೆದು ನಿಲ್ಲಿಸಿದ. ಗಂಡಸರ ಮೇಲೆ ತಲೆಗಿಷ್ಟೆಂದು ಹಾಕುತ್ತಿದ್ದ ತಲೆಗಂದಾಯವನ್ನು ಥೋರೋ ವರ್ಷಗಳಿಂದ ಕಟ್ಟಿರಲಿಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದರೆ ನಾನೇ ಕಟ್ಟುತ್ತೇನೆ ಎಂದು ಸ್ಟೇಪಲ್ಸ್ ಹೇಳಿದನಂತೆ. ದುಡ್ಡಿನ ಮಾತೇ ಅದಾಗಿರಲಿಲ್ಲ. ಗುಲಾಮಗಿರಿಯನ್ನು ಕಾಪಾಡುವ, ಆ ಮೇ ತಿಂಗಳಲ್ಲಿ ಮೆಕ್ಸಿಕೋದ ಮೇಲೆ ಯುದ್ಧ ಹೂಡಿದ್ದ ಸರ್ಕಾರಕ್ಕೆ ತನ್ನ ಕೈಯಿಂದ ಒಂದು ಡಾಲರೂ ಹೋಗಬಾರದು ಎಂಬುದು ಥೋರೋನ ಹಟ. ಹಾಗಾದರೆ ನಡೆ ಎಂದು ಸ್ಟೇಪಲ್ಸ್ ಅವನನ್ನು ಜೈಲಿಗೆ ಕರೆದೊಯ್ದ.

ಆ ರಾತ್ರಿಯೇ ಯಾರೋ ಮುಖ ಮುಚ್ಚಿಕೊಂಡು ಬಂದು ಸ್ಟೇಪಲ್ಸನ ಮಗಳ ಕೈಯಲ್ಲಿ ಬಾಕಿ ಹಣ ಕೊಟ್ಟು ಹೋದರು. ಥೋರೋನ ಸೋದರತ್ತೆ ಇರಬೇಕೆಂದು ಬಹಳ ಜನ ನಂಬುತ್ತಾರೆ. ಸ್ಟೇಪಲ್ಸ್ ಆಗಲೇ ಬೂಟು ಕಳಚಿ ಒಲೆಯ ಮುಂದೆ ಕುಳಿತಿದ್ದ. ಮತ್ತೆ ಎದ್ದು ಹೋಗುವುದೇಕೆ, ಬೆಳಗ್ಗೆ ಬಿಟ್ಟರಾಯಿತು ಎಂದುಕೊಂಡ. ಇದನ್ನು ಜನ ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಬಾಕಿ ತೀರಿದೆ, ಒಳಗಿಡಲು ಕಾರಣವೇ ಉಳಿದಿಲ್ಲ, ಆದರೂ ಒಬ್ಬ ಮನುಷ್ಯ ಇಡೀ ರಾತ್ರಿ ಕಲ್ಲುಗೋಡೆಯ ಒಳಗಿದ್ದಾನೆ, ಏಕೆಂದರೆ ಇನ್ನೊಬ್ಬ ಬೂಟು ಕಳಚಿದ್ದಾನೆ. ಕಚೇರಿಗಳಲ್ಲಿ ಜನರಿಗಾಗುವ ಅನ್ಯಾಯದ ದೊಡ್ಡ ಪಾಲು ಹೀಗೆಯೇ ಆಗುತ್ತದೆ. ಅದರ ಹಿಂದೆ ಹಗೆಯಿಲ್ಲ, ದುರಾಸೆಯೂ ಇಲ್ಲ. ಎದ್ದು ಹೋಗಲು ಬೇಸರ, ಅಷ್ಟೇ.

ಬೆಳಗ್ಗೆ ಬಿಡುಗಡೆಯ ಸುದ್ದಿ ಕೇಳಿ ಥೋರೋ ಕೆಂಡಾಮಂಡಲವಾದನೆಂದು ಸ್ಟೇಪಲ್ಸನೇ ಮುಂದೆ ಹೇಳಿದ್ದಾನೆ. ಆಮೇಲೆ ಬೂಟು ತೆಗೆದುಕೊಂಡು, ಹಕಲ್‌ಬೆರಿ ಹಣ್ಣು ಕೀಳಲು ಹೊರಟಿದ್ದವರ ಜೊತೆ ಗುಡ್ಡ ಹತ್ತಿದ. 1848ರಲ್ಲಿ ಇದನ್ನೆಲ್ಲ ಊರವರ ಮುಂದೆ ಭಾಷಣ ಮಾಡಿದ, 1849ರಲ್ಲಿ ಅಚ್ಚಾಯಿತು. ‘ನಾಗರಿಕ ಅಸಹಕಾರ’ ಎಂದು ನಾವು ಕರೆಯುವ ಹೆಸರು ಅದಕ್ಕೆ ಬಂದದ್ದು ಅವನು ಸತ್ತು ನಾಲ್ಕು ವರ್ಷದ ಮೇಲೆ, 1866ರಲ್ಲಿ.

ಆ ಪ್ರಬಂಧದಲ್ಲಿ ನನ್ನ ನೌಕರಿಯವರಿಗೆಂದೇ ಬರೆದಂತಿರುವ ಒಂದು ಮಾತಿದೆ. ನಾನೇನು ಮಾಡಲಿ ಎಂದು ತೆರಿಗೆ ವಸೂಲಿಗಾರ ಕೇಳಿದರೆ ಥೋರೋನ ಉತ್ತರ ಒಂದೇ: ನಿಜವಾಗಿ ಏನಾದರೂ ಮಾಡಬೇಕೆಂದಿದ್ದರೆ ರಾಜೀನಾಮೆ ಕೊಡು. ಪ್ರಜೆ ನಿಷ್ಠೆಯನ್ನು ನಿರಾಕರಿಸಿ, ಅಧಿಕಾರಿ ಕುರ್ಚಿ ಬಿಟ್ಟು ಎದ್ದರೆ ಕ್ರಾಂತಿ ಅಲ್ಲಿಗೆ ಮುಗಿಯಿತು ಎನ್ನುತ್ತಾನೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಮನೆ ನಡೆಯುವುದು ನನ್ನ ಸಂಬಳದಿಂದ.

ಇಷ್ಟು ನಿಷ್ಠುರವಾಗಿ ಅವನು ಹೇಳಬಲ್ಲವನಾದದ್ದು ಹೇಗೆ? ಕಾನ್ಕಾರ್ಡಿನಲ್ಲಿ ಎಮರ್ಸನ್ನನ ಸುತ್ತ ಸೇರಿದ, ಒಳಗಿನ ಅರಿವನ್ನೇ ನಂಬಿದ ಟ್ರಾನ್ಸೆಂಡೆಂಟಲಿಸ್ಟರು ಎಂಬ ಚಿಂತಕರ ಬಳಗದ ನಂಬಿಕೆ ಅದರ ಬೆನ್ನಿಗಿದೆ. ಎಮರ್ಸನ್ ಸ್ವತಃ ಚರ್ಚಿನ ಪಾದ್ರಿ. ತನಗೆ ಮನಸ್ಸೊಪ್ಪದ ವಿಧಿಯನ್ನು ನಡೆಸಲಾರೆ ಎಂದು 1832ರಲ್ಲಿ ಆ ಹುದ್ದೆ ಬಿಟ್ಟ. ಒಬ್ಬೊಬ್ಬರ ಒಳಗೂ ಇರುವ ಆತ್ಮ ಒಂದೇ ಪರಮಾತ್ಮದ ಪಾಲು, ಸತ್ಯ ತಿಳಿಯಲು ನಡುವೆ ಮಧ್ಯವರ್ತಿ ಬೇಡ ಎಂಬುದು 1841ರ ಅವನ ಪ್ರಬಂಧಗಳ ತಿರುಳು. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಇಂಗ್ಲಿಷಿಗೆ ತಂದ ಭಗವದ್ಗೀತೆಯನ್ನು ಇವರು ಓದಿದ್ದರು. ಜಾತ್ರೆಯ ರಾತ್ರಿಗಳಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವ ನಮ್ಮ ಸೀಮೆಯವರಿಗೆ ಇದು ಹೊಸದೇನಲ್ಲ, ಅರಿವೇ ಗುರು ಎಂದು ಕೇಳುತ್ತಲೇ ಬೆಳೆದಿದ್ದೇವೆ. ಆದರೆ ರಾತ್ರಿ ಹಾಗೆ ಹಾಡಿ, ಬೆಳಗ್ಗೆ ಸಾಹೇಬರು ತೋರಿಸಿದ ಕಡೆ ಸಹಿ ಹಾಕುವುದು ಎಷ್ಟು ಸಲೀಸು ಎಂಬುದೂ ಗೊತ್ತಿದೆ. ಥೋರೋ ಆ ಅರಿವನ್ನು ತೆರಿಗೆ ವಸೂಲಿಗಾರನ ಮುಂದೆ ತಂದು ನಿಲ್ಲಿಸಿದ. ಅವನ ಮನೆಯ ಹೆಂಗಸರು ಈ ವಿಷಯದಲ್ಲಿ ಅವನಿಗಿಂತ ಮುಂದಿದ್ದರು ಎನ್ನಲೇಬೇಕು: 1837ರಲ್ಲಿ ಕಾನ್ಕಾರ್ಡಿನ ಮಹಿಳೆಯರು ಗುಲಾಮಗಿರಿ ವಿರೋಧಿ ಸಂಘ ಕಟ್ಟಿದಾಗ ತಾಯಿ, ಅಕ್ಕ ಹೆಲೆನ್, ತಂಗಿ ಸೋಫಿಯಾ ಅದರಲ್ಲಿದ್ದರು.

ಎಲ್ಲ ತೆರಿಗೆಯನ್ನೂ ಅವನು ನಿರಾಕರಿಸಲಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ರಸ್ತೆ ತೆರಿಗೆಯನ್ನು ಎಂದೂ ಬೇಡವೆನ್ನಲಿಲ್ಲ, ಏಕೆಂದರೆ ಒಳ್ಳೆಯ ನೆರೆಯವನಾಗಿರುವ ಆಸೆ ಅವನಿಗಿತ್ತು. ನಾನು ಕೇಳುವ ಮನೆ ಕರ, ನೀರಿನ ಕರ ಈ ಜಾತಿಯವು. ನಮ್ಮ ಊರಿನ ಹಿರಿಯರೊಬ್ಬರು ಮನೆ ಮುಂದಿನ ಚರಂಡಿ ಆಗುವವರೆಗೆ ಕರ ಕಟ್ಟುವುದಿಲ್ಲ ಎಂದು ಕುಳಿತರು. “ತಂಗಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕಟ್ಟುವುದಿಲ್ಲ ಎಂದು ನಿನ್ನ ಪುಸ್ತಕದಲ್ಲಿ ಬರೆದುಕೋ” ಎಂದರು. “ಕಾಕಾ, ಅದರಲ್ಲಿ ಅಂಥ ಕಲಮೇ ಇಲ್ಲ” ಎಂದೆ. ನಿಜಕ್ಕೂ ಇಲ್ಲ. ನಮ್ಮ ವಹಿಯಲ್ಲಿ ಬೇಡಿಕೆ, ವಸೂಲಿ, ಬಾಕಿ ಎಂದು ಮೂರೇ ಕಲಮು. ಕೂಲಿ ಸಿಗದೆ ಕಟ್ಟದವಳೂ ಬಾಕಿ, ದುಡ್ಡಿದ್ದು ಜಿಪುಣತನ ಮಾಡಿದವನೂ ಬಾಕಿ, ಚರಂಡಿಗಾಗಿ ಹಟ ಹಿಡಿದ ಕಾಕಾನೂ ಬಾಕಿ. ಸ್ಟೇಪಲ್ಸ್ ಈ ವ್ಯತ್ಯಾಸವನ್ನು ಗುರುತಿಸಬಲ್ಲವನಾಗಿದ್ದ. 1843ರಲ್ಲಿ ಎಮರ್ಸನ್ನನ ಬಳಗದ ಬ್ರಾನ್ಸನ್ ಆಲ್ಕಾಟ್ ಇದೇ ತಲೆಗಂದಾಯ ಕಟ್ಟದಿದ್ದಾಗ ಹಿಡಿದವನೂ ಅವನೇ. ಅದು ಬರೀ ತತ್ವಕ್ಕಾಗಿ, ಇಷ್ಟು ಪ್ರಾಮಾಣಿಕವಾಗಿ ಮಾತನಾಡುವವನನ್ನು ಕಂಡಿಲ್ಲ ಎಂಬ ಅರ್ಥದ ಮಾತನ್ನು ಆಡಿದ್ದ. ಗುರುತಿಸಿಯೂ ಬಂಧಿಸಿದ. ನಾನು ಅವನೊಂದಿಗೆ ಜಗಳವಾಡುವುದು ಇಲ್ಲಿಯೇ.

ರಾಜೀನಾಮೆಗೂ ಸುಮ್ಮನೆ ಒಪ್ಪಿಕೊಳ್ಳುವುದಕ್ಕೂ ನಡುವೆ ಸ್ವಲ್ಪ ಜಾಗವಿದೆ ಎಂದು ನಾನು ನಂಬಿದ್ದೇನೆ. ಕರ ಬಾಕಿ ಇರುವ ಮನೆಯವರಿಂದ ಉದ್ಯೋಗ ಖಾತ್ರಿ ಅರ್ಜಿ ತೆಗೆದುಕೊಳ್ಳಬೇಡಿ ಎಂದು ಒಮ್ಮೆ ಮೇಲಿನಿಂದ ಬಾಯಿಮಾತಿನ ಸೂಚನೆ ಬಂತು. 2005ರ ಕಾಯ್ದೆಯಲ್ಲಿ ಕೂಲಿ ಕೇಳುವವರಿಗೆ ಅಂಥ ಷರತ್ತೇ ಇರಲಿಲ್ಲ. ಲಿಖಿತ ಆದೇಶ ಕೊಡಿ, ಪಾಲಿಸುತ್ತೇನೋ ಇಲ್ಲವೋ ಆಮೇಲೆ ಹೇಳುತ್ತೇನೆ ಎಂದೆ. ಆದೇಶ ಬರಲಿಲ್ಲ. ಅರ್ಜಿಗಳನ್ನು ತೆಗೆದುಕೊಂಡು ಸ್ವೀಕೃತಿ ಕೊಟ್ಟೆ. ಕೆಲವು ತಿಂಗಳು ಕಚೇರಿಯಲ್ಲಿ ನನ್ನೊಂದಿಗೆ ಮಾತು ಕಡಿಮೆಯಾಯಿತು.

ಹಾಗೆಂದು ಥೋರೋ ಕೇಳಿದ್ದನ್ನು ಯಾರೂ ಮಾಡಲಾರರು ಎನ್ನುವಂತಿಲ್ಲ. ನಮ್ಮ ನೆಲದಲ್ಲಿಯೇ ಮಾಡಿದವರಿದ್ದಾರೆ. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್ 17ರವರೆಗೆ ಆ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ನಡೆದ ಹೋರಾಟದಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ನಡೆಸಿದ್ದು ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ಸಂಸ್ಥಾನದ ವಕೀಲರು ಕೋರ್ಟಿಗೆ ಹೋಗುವುದನ್ನು ಬಿಟ್ಟರು, ಹಳ್ಳಿಯ ಪಟೇಲ, ಪಟವಾರಿಗಳು ದಫ್ತರ ಕೆಳಗಿಟ್ಟು ಹುದ್ದೆ ಬಿಟ್ಟರು. ಜೈಲಿಗೆ ಹೋದವರಿಗೆ ತಾಮ್ರಪತ್ರ ಬಂತು, ಪಿಂಚಣಿ ಬಂತು, ವೃತ್ತಗಳಿಗೆ ಹೆಸರು ಬಂತು. ಅದು ನ್ಯಾಯವೇ. ದಫ್ತರ ಕೆಳಗಿಟ್ಟು ಮನೆಗೆ ಹೋದವರ ಹೆಸರುಗಳು ಮಾತ್ರ ನನಗೆ ಎಲ್ಲಿಯೂ ಒಟ್ಟಿಗೆ ಸಿಕ್ಕಿಲ್ಲ.

ಅವರ ಕಥೆಗಳನ್ನು ಬರೆದಿಡಬೇಕೆಂದಿದ್ದೇನೆ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆತನದಲ್ಲಿ ಆ ಹದಿಮೂರು ತಿಂಗಳಲ್ಲಿ ಗೌಡಿಕೆಯನ್ನೋ ಕುಲಕರ್ಣಿಕೆಯನ್ನೋ ಬಿಟ್ಟ ಹಿರಿಯರಿದ್ದರೆ ತಿಳಿಸಿ. ಬಿಟ್ಟ ಮೇಲೆ ಮನೆ ಹೇಗೆ ನಡೆಯಿತು ಎಂಬುದನ್ನೂ ಹೇಳಿ. ನನಗೆ ಮುಖ್ಯವಾಗಿ ತಿಳಿಯಬೇಕಾಗಿರುವುದು ಅದು.