ಜಾಹೀರಾತಿಗೆ ಹಾಕುವ ದುಡ್ಡು ಖರ್ಚೋ, ಬಂಡವಾಳವೋ?

ಸಣ್ಣದಾಗಿ ಆನ್‌ಲೈನ್ ವ್ಯಾಪಾರ ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಜಾಹೀರಾತಿಗೆ ದುಡ್ಡು ಹಾಕೋದಾ, ಬೇಡ್ವಾ? ಹಾಕಿದ್ದು ವಾಪಸ್ ಬರುತ್ತಾ?" ಕೆಲವರು ಅದನ್ನೇ ಬೇರೆ ಥರ ಕೇಳುತ್ತಾರೆ. "ಜಾಹೀರಾತು ಖರ್ಚಲ್ಲ, ಬಂಡವಾಳ ಅಂತಾರಲ್ಲ, ನಿಜಾನಾ?" ನಾನು ಕೈಯಿಂದ ಹೊಲಿದ ನೋಟ್‌ಬುಕ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಹೊಸ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜಾಹೀರಾತು ನೋಡಿಯೇ ಬರುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಂದು ಸಲ ಕೂತು ಪೂರ್ತಿ ಬರೆಯೋಣ ಅನ್ನಿಸಿತು.

ನನ್ನ ಉತ್ತರ ಇಷ್ಟು. ಒಂದು ಆರ್ಡರ್ ಹೋದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ, ಹಾಕಿದ ದುಡ್ಡು ವಾಪಸ್ ಬರಲು ಎಷ್ಟು ದಿನ ಬೇಕು. ಇವೆರಡು ಗೊತ್ತಿದ್ದವರಿಗೆ ಜಾಹೀರಾತು ಬಂಡವಾಳ. ಗೊತ್ತಿಲ್ಲದವರಿಗೆ ಅದು ನೀರಿನಲ್ಲಿ ಮಾಡಿದ ಹೋಮ.

ಲೆಕ್ಕಪತ್ರ ಬರೆಯುವವರನ್ನು ಕೇಳಿದರೆ ಅವರು ಜಾಹೀರಾತನ್ನು ಬಂಡವಾಳ ಅಂತ ಒಪ್ಪುವುದೇ ಇಲ್ಲ. ಐಎಎಸ್ 38 ಅನ್ನುವ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮದ ಪ್ರಕಾರ ಜಾಹೀರಾತಿನ ದುಡ್ಡನ್ನು ಆಸ್ತಿಯ ಪಟ್ಟಿಯಲ್ಲಿ ತೋರಿಸುವ ಹಾಗಿಲ್ಲ, ಖರ್ಚಿಗೇ ಬರೆಯಬೇಕು. ಅದರಲ್ಲಿ ಅರ್ಥವಿದೆ. ಕಾಗದ ಕತ್ತರಿಸುವ ಯಂತ್ರ ತಂದರೆ ಅದು ಮೂಲೆಯಲ್ಲಿ ಕಣ್ಣಿಗೆ ಕಾಣುತ್ತದೆ, ಬೇಡ ಅಂದಾಗ ಮಾರಬಹುದು. ನಿನ್ನೆ ಓಡಿದ ಜಾಹೀರಾತನ್ನು ಯಾರಿಗೆ ಮಾರುತ್ತೀರಿ? ಅದು ಬಿಟ್ಟುಹೋಗುವುದು ಎರಡನ್ನೇ: ಬಂದ ಗಿರಾಕಿ ಮತ್ತು ನೀವು ಕಲಿತ ಪಾಠ. ಇವೆರಡನ್ನೂ ಬರೆದಿಟ್ಟುಕೊಳ್ಳದೆ ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮೊದಲು ಉಳಿತಾಯದ ಲೆಕ್ಕ. ಇದನ್ನು ಮಾಡದೆ ಜಾಹೀರಾತು ಶುರು ಮಾಡಿದವರೇ ಜಾಸ್ತಿ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಸಾಮಾನಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಅದನ್ನು ತಯಾರಿಸಲು 35. ಡಬ್ಬಿ, ಟೇಪು, ಚೀಟಿ ಎಲ್ಲ ಸೇರಿ 5. ಕಳುಹಿಸಲು 12. ಪೇಮೆಂಟ್ ಶುಲ್ಕ 3. ವಾಪಸ್ ಬರುವ, ದಾರಿಯಲ್ಲಿ ಹಾಳಾಗುವ ಸಾಮಾನಿಗೆ ಅಂತ 5. ಒಟ್ಟು 60 ಹೋಯಿತು, ಕೈಯಲ್ಲಿ 40 ಉಳಿಯಿತು. ಒಂದು ಆರ್ಡರ್ ತರಲು ಜಾಹೀರಾತು 40 ತಿಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂದರೆ ಜಾಹೀರಾತಿಗೆ 1 ಹಾಕಿದರೆ ಕಡೇಪಕ್ಷ ಎರಡೂವರೆಯಷ್ಟು ಮಾರಾಟ ಆಗಲೇಬೇಕು. "ಒಂದಕ್ಕೆ ಎರಡು ಬಂತು" ಅಂತ ಖುಷಿಪಟ್ಟು ಬಜೆಟ್ ಏರಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ. 100 ಹಾಕಿದಿರಿ, 200 ಮಾರಾಟ ಆಯಿತು, ಅದರಲ್ಲಿ ಉಳಿಯುವುದು 80. ಇಪ್ಪತ್ತು ಕೈಬಿಟ್ಟಿತು. ಮಾರಾಟ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ಇನ್ನು ಇದರಲ್ಲಿ ನಿಮ್ಮ ಸ್ವಂತ ದುಡಿಮೆಯ ಕೂಲಿ ಸೇರಿಲ್ಲ. ಅದನ್ನೂ ಸೇರಿಸಿ. ರಾತ್ರಿ ಹನ್ನೊಂದರವರೆಗೆ ಪ್ಯಾಕಿಂಗ್ ಮಾಡುವ ಕೈಗೂ ಬೆಲೆ ಇದೆ.

ನಾನು ಈ ಲೆಕ್ಕ ಹಾಕಿಕೊಂಡೇ ಶುರು ಮಾಡಿದ್ದೆ, ಆದರೂ ಮೊದಲ ತಿಂಗಳು ಕೈ ಸುಟ್ಟುಕೊಂಡೆ. ಜಾಹೀರಾತು ಚೆನ್ನಾಗಿ ಓಡುತ್ತಿತ್ತು. ಜನ ಒತ್ತುತ್ತಿದ್ದರು, ಪುಟಕ್ಕೆ ಬರುತ್ತಿದ್ದರು. 400 ಕ್ಲಿಕ್ ಆದವು, ಒಂದು ಆರ್ಡರೂ ಬರಲಿಲ್ಲ. ಚಿತ್ರ ಬದಲಾಯಿಸಿದೆ, ಮಾತು ಬದಲಾಯಿಸಿದೆ, ಬೆಲೆ ಇಳಿಸಿದೆ. ಏನೂ ಆಗಲಿಲ್ಲ. ಒಂದು ಸಂಜೆ ಅತ್ತಿಗೆಯ ಕೈಗೆ ಅವರದೇ ಫೋನು ಕೊಟ್ಟು "ಅತ್ತಿಗೆ, ಒಂದು ನೋಟ್‌ಬುಕ್ ತಗೊಳ್ಳಿ ನೋಡೋಣ, ನಾನು ಏನೂ ಹೇಳಲ್ಲ" ಅಂದೆ. ಅವರದು ಹಳೆಯ ಫೋನು, ಸಣ್ಣ ಪರದೆ. ವಿಳಾಸ ತುಂಬಿದರು. ಕೀಬೋರ್ಡ್ ಮೇಲೆದ್ದು ಅರ್ಧ ಪರದೆ ನುಂಗಿತು. ಮುಂದೆ ಹೋಗುವ ಬಟನ್ ಅದರ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅತ್ತಿಗೆ ಬೆರಳಿನಿಂದ ಮೇಲೆ ಕೆಳಗೆ ಎಳೆದು ನೋಡಿದರು, ಪುಟ ಅಲ್ಲಾಡಲಿಲ್ಲ. "ಇದು ಇಲ್ಲಿಗೇ ನಿಂತೋಯ್ತು ಕಣೋ" ಅಂತ ಫೋನು ವಾಪಸ್ ಕೊಟ್ಟರು. ನನ್ನ ದೊಡ್ಡ ಪರದೆಯ ಫೋನಿನಲ್ಲಿ ಅದು ಯಾವತ್ತೂ ಹೀಗೆ ಆಗಿರಲಿಲ್ಲ. ತೂತು ಬಿದ್ದ ಕೊಡಕ್ಕೆ ತಿಂಗಳಿಡೀ ನೀರು ಹೊತ್ತಿದ್ದೆ.

ಆಮೇಲಿಂದ ಯಾರು ಸಲಹೆ ಕೇಳಿದರೂ ಮೊದಲು ಹೇಳುವುದು ಇದನ್ನೇ. ಜಾಹೀರಾತಿಗೆ ಕೈ ಹಾಕುವ ಮುಂಚೆ ಮೂರು ಜನರ ಕೈಗೆ ಅವರವರ ಫೋನು ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಬಾಯಿ ಬಿಡಬೇಡಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಆರ್ಡರ್ ಬರಲಿಲ್ಲ ಅಂದಾಗ ಎಷ್ಟು ಕಾಯಬೇಕು ಅನ್ನುವುದಕ್ಕೂ ಒಂದು ಲೆಕ್ಕವಿದೆ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ಮೂರರ ನಿಯಮ ಅನ್ನುತ್ತಾರೆ. ಇಷ್ಟು ಕ್ಲಿಕ್ ಆದರೂ ಒಂದೂ ಆರ್ಡರ್ ಬಂದಿಲ್ಲ ಅಂದರೆ, 3ನ್ನು ಆ ಕ್ಲಿಕ್‌ಗಳ ಸಂಖ್ಯೆಯಿಂದ ಭಾಗಿಸಿ. ನಿಮ್ಮ ನಿಜವಾದ ಮಾರಾಟದ ಪ್ರಮಾಣ, ಅಂದರೆ ನೂರು ಕ್ಲಿಕ್ಕಿಗೆ ಎಷ್ಟು ಆರ್ಡರ್ ಅನ್ನುವುದು, ಅದಕ್ಕಿಂತ ಮೇಲೆ ಇರುವ ಸಾಧ್ಯತೆ ತೀರಾ ಕಡಿಮೆ, ಶೇ. 5ರಷ್ಟು. 30 ಕ್ಲಿಕ್ಕಿಗೆ ಸೊನ್ನೆ ಬಂದರೆ ಪ್ರಮಾಣ ಶೇ. 10ರವರೆಗೂ ಇರಬಹುದು, ಅಂದರೆ ಏನೂ ಗೊತ್ತಾದ ಹಾಗಾಗಲಿಲ್ಲ. 100ಕ್ಕೆ ಸೊನ್ನೆ ಬಂದರೂ ಶೇ. 3ರವರೆಗೆ ಇರಬಹುದು. 300ಕ್ಕೆ ಸೊನ್ನೆ ಅಂದರೆ ಶೇ. 1ಕ್ಕಿಂತ ಕಡಿಮೆ ಅಂತ ನಂಬಬಹುದು. ಎರಡು ದಿನ ಓಡಿಸಿ 30 ಕ್ಲಿಕ್ ನೋಡಿ "ನಮಗೆ ಜಾಹೀರಾತು ಆಗಿಬರಲ್ಲ" ಅಂತ ನಿಲ್ಲಿಸಿದವರು ಎಷ್ಟೋ ಜನ. ನನ್ನ ಹಾಗೆ 400ರವರೆಗೆ ಎಳೆದವರೂ ಇದ್ದಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿ ಕೂಡ ತನ್ನ ವ್ಯವಸ್ಥೆ ಸರಿಯಾಗಿ ಕಲಿಯಬೇಕಾದರೆ ವಾರಕ್ಕೆ ಸುಮಾರು 50 ಫಲಿತಾಂಶ (ಆರ್ಡರ್‌ನಂಥವು) ಬೇಕು ಅಂತ ಹೇಳುತ್ತಾ ಬಂದಿದೆ. ಇರುವ ಚೂರು ಬಜೆಟ್ಟನ್ನು ಐದಾರು ಜಾಹೀರಾತಿಗೆ ಹಂಚಿದರೆ ಯಾವುದಕ್ಕೂ ಕಲಿಯುವಷ್ಟು ಸಿಗುವುದಿಲ್ಲ. ಒಂದಕ್ಕೇ ಹಾಕಿ, ಕಾಯಿರಿ.

"ದೊಡ್ಡ ಕಂಪನಿಗಳ ಎದುರು ನಮ್ಮ ದುಡ್ಡು ಎಲ್ಲಿಗೆ ಸಾಕು?" ಅಂತ ಕೇಳುತ್ತಾರೆ. ಇದಕ್ಕೆ ಧೈರ್ಯ ಕೊಡುವ ಉತ್ತರವಿದೆ. 2002ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಜಾಹೀರಾತುಗಳಿಗೆ ಕ್ಲಿಕ್ ಲೆಕ್ಕದ ಹರಾಜು (ಒಂದು ಕ್ಲಿಕ್ಕಿಗೆ ಇಷ್ಟು ಕೊಡುತ್ತೇನೆ ಅಂತ ಕೂಗುವುದು) ತಂದಾಗ, ಜಾಸ್ತಿ ಕೂಗಿದವರಿಗೇ ಮೇಲಿನ ಜಾಗ ಅಂತ ಮಾಡಲಿಲ್ಲ. ಜನ ಆ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿತು. ಈಗ ಆ ಲೆಕ್ಕ ಇನ್ನಷ್ಟು ಗೋಜಲಾಗಿದೆ, ಆದರೆ ಮೂಲ ಅದೇ. ದೊಡ್ಡವರು ಕ್ಲಿಕ್ಕಿಗೆ 10 ಕೂಗಿದರು ಅನ್ನಿ, ನೂರು ಜನ ನೋಡಿದರೆ ಒಬ್ಬರು ಒತ್ತುತ್ತಾರೆ. ನೂರು ಸಲ ತೋರಿಸಿದರೆ ಗೂಗಲ್‌ಗೆ ಸಿಗುವುದು 10. ನೀವು 4 ಮಾತ್ರ ಕೂಗಿದಿರಿ, ಆದರೆ ನೂರರಲ್ಲಿ ಮೂವರು ಒತ್ತುತ್ತಾರೆ. ಆಗ ಸಿಗುವುದು 12. ಜಾಗ ನಿಮಗೇ. ಹಾಗಾಗಿ "ಅತ್ಯುತ್ತಮ ಗುಣಮಟ್ಟದ ನೋಟ್‌ಬುಕ್" ಅಂತ ಬರೆಯುವುದಕ್ಕಿಂತ "ಇಂಕ್ ಪೆನ್ನಿನಲ್ಲಿ ಬರೆದರೂ ಹಿಂದಕ್ಕೆ ಮೂಡದ ಹಾಳೆ" ಅಂತ ಬರೆದರೆ ಅದು ದುಡ್ಡಿಗೆ ಸಮ. ಯಾರಿಗೆ ಬೇಕೋ ಅವರೇ ಒತ್ತುತ್ತಾರೆ. ಬೇಡದವರು ಮುಂದೆ ಹೋಗುತ್ತಾರೆ, ಅವರ ಕ್ಲಿಕ್ಕಿನ ದುಡ್ಡು ನಿಮಗೆ ಉಳಿಯುತ್ತದೆ.

ಇನ್ನು ಡ್ಯಾಶ್‌ಬೋರ್ಡ್, ಅಂದರೆ ಜಾಹೀರಾತು ಕಂಪನಿ ನಮಗೆ ಲೆಕ್ಕ ತೋರಿಸುವ ಪುಟದ ವಿಷಯ. ಅದರಲ್ಲಿ ಬರುವ ಮಾರಾಟದ ಅಂಕಿಯನ್ನು ಪೂರ್ತಿ ನಂಬಬೇಡಿ. ಒಬ್ಬ ಗಿರಾಕಿ ಸೋಮವಾರ ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ ಜಾಹೀರಾತು ಒತ್ತಿ, ಗುರುವಾರ ಗೂಗಲ್‌ನಲ್ಲಿ ಹುಡುಕಿ ಅಲ್ಲಿಯ ಜಾಹೀರಾತನ್ನೂ ಒತ್ತಿ, ಒಂದು ಪುಸ್ತಕ ಕೊಂಡರು ಅನ್ನಿ. ಇಬ್ಬರೂ "ಈ ಆರ್ಡರ್ ನಮ್ಮದು" ಅನ್ನುತ್ತಾರೆ. ಎರಡೂ ಕಡೆಯ ಅಂಕಿ ಕೂಡಿದರೆ ಬ್ಯಾಂಕಿಗೆ ಬಂದದ್ದಕ್ಕಿಂತ ಜಾಸ್ತಿ ಮಾರಾಟ ಆಗಿರುತ್ತದೆ. ಸಾಲದ್ದಕ್ಕೆ 2021ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಐಒಎಸ್ 14.5ರಲ್ಲಿ, ಬೇರೆ ಬೇರೆ ಆ್ಯಪ್‌ಗಳಲ್ಲಿ ಬಳಕೆದಾರರನ್ನು ಹಿಂಬಾಲಿಸುವ ಮುಂಚೆ ಅವರ ಒಪ್ಪಿಗೆ ಕೇಳಲೇಬೇಕು ಅಂತ ಮಾಡಿತು. ಬಳಕೆದಾರರಿಗೆ ಅದು ಒಳ್ಳೆಯದೇ ಆಯಿತು. ಆದರೆ ಅಲ್ಲಿಂದ ಮುಂದೆ ಡ್ಯಾಶ್‌ಬೋರ್ಡಿನ ಅಂಕಿಯಲ್ಲಿ ಅಂದಾಜಿನ ಪಾಲು ಇನ್ನೂ ಹೆಚ್ಚಾಯಿತು.

ಇದಕ್ಕೊಂದು ಹೆಸರಾಂತ ಪ್ರಯೋಗವಿದೆ. ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿಯಲ್ಲಿ ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ, ಸ್ಟೀವನ್ ಟಡೆಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸರ್ಚ್ ಜಾಹೀರಾತುಗಳನ್ನು (ಜನ ಏನಾದರೂ ಹುಡುಕಿದಾಗ ಬರುವಂಥವು) ಅಲ್ಲಲ್ಲಿ ನಿಲ್ಲಿಸಿ ಏನಾಗುತ್ತದೆ ಅಂತ ನೋಡಿದರು. 2015ರಲ್ಲಿ ಅದು ಪ್ರಕಟವಾಯಿತು. ಇಬೇ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತು ನಿಂತಾಗ ಹೆಚ್ಚೇನೂ ಆಗಲಿಲ್ಲ. ಅವರು ಜಾಹೀರಾತಿನ ಕೆಳಗೇ ಇದ್ದ ಉಚಿತ ಲಿಂಕ್ ಒತ್ತಿಕೊಂಡು ಬಂದರು. ಬರುವವರಿಗೇ ದುಡ್ಡು ಸುರಿದ ಹಾಗಾಗಿತ್ತು. ಬೇರೆ ಪದ ಹುಡುಕುವವರಿಗೆ ತೋರಿಸಿದ ಜಾಹೀರಾತು ಕೆಲಸ ಮಾಡಿದ್ದು ಹೊಸಬರ ಮೇಲೆ, ಅಪರೂಪಕ್ಕೆ ಕೊಳ್ಳುವವರ ಮೇಲೆ. ಇದನ್ನು ಓದಿ "ಜಾಹೀರಾತು ದಂಡ" ಅನ್ನುವವರಿದ್ದಾರೆ. ನನಗೆ ಅದರಲ್ಲಿ ಕಂಡದ್ದು ಬೇರೆ. ಇಬೇ ಎಲ್ಲರಿಗೂ ಗೊತ್ತಿರುವ ಹೆಸರು. ನಮ್ಮ ಹೆಸರು ಯಾರಿಗೆ ಗೊತ್ತು? ನಮಗೆ ಸಿಗುವವರೆಲ್ಲ ಹೊಸಬರೇ. ಜಾಹೀರಾತು ಕೆಲಸ ಮಾಡುವ ಜಾಗದಲ್ಲೇ ನಾವು ನಿಂತಿದ್ದೇವೆ. ನಿಮ್ಮ ಹೆಸರು ಗೊತ್ತಿಲ್ಲದವರಿಗೆ ದುಡ್ಡು ಹಾಕಿ. ಗೊತ್ತಿರುವವರಿಗೆ ಒಂದು ಇಮೇಲ್ ಸಾಕು.

ನಿಮ್ಮಲ್ಲೂ ಈ ಪ್ರಯೋಗ ಮಾಡಬಹುದು. ವರ್ಷದಲ್ಲಿ ಒಂದೆರಡು ಸಲ, ಹಬ್ಬ ರಜೆ ಏನೂ ಇಲ್ಲದ ದಿನಗಳಲ್ಲಿ, ಎರಡು ವಾರ ಜಾಹೀರಾತು ಪೂರ್ತಿ ನಿಲ್ಲಿಸಿ. ಒಟ್ಟು ಆರ್ಡರ್ ಎಷ್ಟು ಇಳಿಯುತ್ತದೋ ಜಾಹೀರಾತಿನ ಪಾಲು ಸುಮಾರು ಅಷ್ಟು. ನಾನು ಮೊದಲ ಸಲ ನಿಲ್ಲಿಸಿದಾಗ ಡ್ಯಾಶ್‌ಬೋರ್ಡ್ ಹೇಳುತ್ತಿದ್ದುದಕ್ಕಿಂತ ಕಡಿಮೆಯೇ ಇಳಿಯಿತು. ಅದನ್ನು ನೋಡಿ ಬಜೆಟ್ ಕಡಿಮೆ ಮಾಡಿದೆ, ಬಿಡಲಿಲ್ಲ.

ಬಜೆಟ್ ಏರಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ತಿಂಗಳಿಗೆ 1000 ಹಾಕಿದಾಗ 40 ಆರ್ಡರ್ ಬಂತು, ಒಂದಕ್ಕೆ 25 ಬಿತ್ತು. 2000 ಹಾಕಿದಾಗ 60 ಬಂತು. ಸರಾಸರಿ ನೋಡಿದರೆ ಒಂದಕ್ಕೆ 33. ನಮ್ಮ ಮಿತಿ 40 ಇತ್ತಲ್ಲ, ಇನ್ನೂ ಲಾಭವೇ ಅನ್ನಿಸುತ್ತದೆ. ಆದರೆ ಎರಡನೇ ಸಾವಿರ ತಂದದ್ದು 20 ಆರ್ಡರ್ ಮಾತ್ರ. ಅವು ಒಂದೊಂದಕ್ಕೆ 50 ಬಿದ್ದವು. ಅಂದರೆ ಆ ಇಪ್ಪತ್ತರಲ್ಲೂ ಒಂದೊಂದಕ್ಕೆ 10 ಕಳೆದುಕೊಂಡಿರಿ. ಮೊದಲ ಸಾವಿರದ ಲಾಭ ಆ ನಷ್ಟವನ್ನು ಮುಚ್ಚಿಹಾಕಿತ್ತು ಅಷ್ಟೇ. ಯಾವಾಗಲೂ ಕೊನೆಗೆ ಸೇರಿಸಿದ ದುಡ್ಡು ಏನು ತಂದಿತು ಅಂತ ನೋಡಿ.

ಇಷ್ಟೆಲ್ಲ ಸರಿಯಿದ್ದೂ ಮುಳುಗಿದವರಿದ್ದಾರೆ. ಅವರಿಗೆ ಲಾಭ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ಜಾಹೀರಾತಿನ ದುಡ್ಡು ಇವತ್ತೇ ಹೋಗುತ್ತದೆ. ಆರ್ಡರ್ ಜಾಸ್ತಿ ಆದರೆ ಸರಕೂ ಮುಂಗಡವಾಗಿ ತರಿಸಬೇಕು. ಗಿರಾಕಿ ಕೊಟ್ಟ ದುಡ್ಡು ನಿಮ್ಮ ಖಾತೆಗೆ ಸೇರಲು ಕೆಲವು ದಿನ ಬೇಕು. ಕೆಲವರಿಗಂತೂ ಮೊದಲ ಆರ್ಡರ್‌ನಲ್ಲಿ ನಷ್ಟ, ಎರಡನೆಯದರಲ್ಲಿ ಲಾಭ. ಆ ಎರಡನೆಯದು ಮೂರು ತಿಂಗಳಾದ ಮೇಲೆ ಬಂದರೆ, ಅಲ್ಲಿಯವರೆಗೆ ಏನು ಮಾಡುತ್ತೀರಿ? ಅದಕ್ಕೇ ಎಷ್ಟು ಹಾಕಬೇಕು ಅಂತ ಕೇಳಿದವರಿಗೆ ನಾನು ಅಂಕಿ ಹೇಳುವುದಿಲ್ಲ. ನಿಮ್ಮ ದುಡ್ಡು ವಾಪಸ್ ಬರಲು ಎಷ್ಟು ದಿನ ಬೇಕೋ, ಅಷ್ಟು ದಿನ ಮುಟ್ಟದೆ ಬಿಡಬಹುದಾದಷ್ಟು ಹಾಕಿ. ಮನೆ ಖರ್ಚಿನ ದುಡ್ಡು ಬೇಡ. ಸಾಲ ಅಂತೂ ಬೇಡ. ಹಾಕಿದ್ದು ಪೂರ್ತಿ ವಾಪಸ್ ಬಂದದ್ದನ್ನು ಮೂರು ಸಲವಾದರೂ ಕಣ್ಣಾರೆ ನೋಡುವವರೆಗೆ ಸಾಲ ಮಾಡಿ ಜಾಹೀರಾತು ಕೊಡುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮತ್ತೆ ಕೊಳ್ಳುವವರ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ನನ್ನ ಹತ್ತಿರ ಉದ್ದ ಗೆರೆಯ ಒಂದು ಪುಸ್ತಕ ಇದೆ, ನಾನೇ ಹೊಲಿದದ್ದು. ಒಬ್ಬ ಗಿರಾಕಿಗೆ ಒಂದು ಸಾಲು. ಮೊದಲು ಎಲ್ಲಿಂದ ಬಂದರು, ಅವರನ್ನು ಕರೆತರಲು ಎಷ್ಟು ಹೋಯಿತು, ಆಮೇಲಿನ ಒಂದೊಂದು ಆರ್ಡರ್‌ನಲ್ಲಿ ಎಷ್ಟು ಉಳಿಯಿತು, ಇಷ್ಟೇ ಕಾಲಂ. ಅದರ ಮೂರನೇ ಪುಟದಲ್ಲಿ ಒಬ್ಬ ಮೇಡಮ್ ಇದ್ದಾರೆ. ಮಗಳಿಗೆ ಚಿತ್ರ ಬರೆಯಲು ಅಂತ ಒಂದೇ ಒಂದು ಪುಸ್ತಕ ತರಿಸಿದ್ದರು. ಅವರನ್ನು ತರಲು ಜಾಹೀರಾತು ತಿಂದದ್ದು ನನ್ನ ಮಿತಿಗಿಂತ ಜಾಸ್ತಿ. ಆ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ನಷ್ಟ ಅಂತ ಬರೆದಿದ್ದೆ. ಆಮೇಲೆ ಮಗಳ ಗೆಳತಿಗೆ ಅಂತ ಎರಡು, ತಮ್ಮ ಆಫೀಸಿಗೆ ಅಂತ ನಾಲ್ಕು. ಮೊನ್ನೆ ಅವರ ಏಳನೇ ಆರ್ಡರ್ ಬಂತು. ಸಾಲಿನಲ್ಲಿ ಜಾಗ ಸಾಲದೆ ಪುಟದ ಅಂಚಿನಲ್ಲಿ ಬರೆದುಕೊಂಡೆ.