ಗುಳ್ಳೆ ನಿಂತ ಮಾತ್ರಕ್ಕೆ ಬಿಯರ್ ಹುದುಗಿ ಮುಗಿಯಿತೇ?

ದಾವಣಗೆರೆ, 18 ಫೆಬ್ರವರಿ 2024, ಭಾನುವಾರ

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಂಗಿಯ ಮಗ ಮಧ್ಯಾಹ್ನ ಫೋನ್ ಮಾಡಿ, "ಮಾವ, ಏರ್‌ಲಾಕಿನಲ್ಲಿ ಗುಳ್ಳೆ ಬರುವುದು ನಿಂತಿದೆ, ಬಿಯರನ್ನು ಬಾಟಲಿಗೆ ತುಂಬಿಬಿಡಲೇ?" ಎಂದು ಕೇಳಿದ. ಏರ್‌ಲಾಕ್ ಎಂದರೆ ಬಿಯರ್ ಹುದುಗುವ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸುವ, ಒಳಗಿನ ಅನಿಲವನ್ನು ನೀರಿನ ಮೂಲಕ ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಸಾಧನ. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಲ್ಲಿ 1963ರಿಂದ ಪರವಾನಗಿ ಬೇಕಿಲ್ಲ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧವಾದ್ದರಿಂದ, ರಸಾಯನಶಾಸ್ತ್ರದ ಮೇಷ್ಟರಾಗಿದ್ದ ನನ್ನ ಪಾಲಿಗೆ ಇದು ಕಾಗದದ ಮೇಲಿನ ಲೆಕ್ಕ ಮಾತ್ರ. ಆದರೂ ತಡೆದು ನಿಲ್ಲಿಸಿದೆ.

ಗುಳ್ಳೆಯ ಸಾಕ್ಷ್ಯವನ್ನು ನಾನು ಒಪ್ಪುವುದಿಲ್ಲ. ಡಬ್ಬಿಯ ಮುಚ್ಚಳ ಕೊಂಚ ಸಡಿಲವಿದ್ದರೂ ಇಂಗಾಲದ ಡೈಆಕ್ಸೈಡ್ ಅಲ್ಲಿಂದಲೇ ಹೊರಟುಹೋಗಿ, ಒಳಗೆ ಯೀಸ್ಟ್ ಭರದಿಂದ ಕೆಲಸ ಮಾಡುತ್ತಿರುವಾಗಲೂ ಏರ್‌ಲಾಕ್ ಸುಮ್ಮನಿರುತ್ತದೆ. ಹುದುಗುವಿಕೆ ಪೂರ್ತಿ ಮುಗಿದ ಮೇಲೂ ಕೋಣೆ ಬೆಚ್ಚಗಾದರೆ ದ್ರವದಲ್ಲಿ ಕರಗಿದ್ದ ಅನಿಲ ಬಿಟ್ಟುಕೊಂಡು ಗುಳ್ಳೆಯಾಗಿ ಏಳುತ್ತದೆ.

ಕೇಳಬೇಕಾದದ್ದು ಹೈಡ್ರೋಮೀಟರನ್ನು, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆಯನ್ನು. ನಮ್ಮ ಹಾಲಿನ ಡೈರಿಯ ಲ್ಯಾಕ್ಟೋಮೀಟರ್ ಅದರದೇ ಜಾತಿಯದು. ಸಕ್ಕರೆ ಕರಗಿದ ದ್ರವ ನೀರಿಗಿಂತ ಭಾರ, ಆಲ್ಕೋಹಾಲ್ ನೀರಿಗಿಂತ ಹಗುರ. ಆದ್ದರಿಂದ ಯೀಸ್ಟ್ ಸಕ್ಕರೆಯನ್ನು ತಿಂದಷ್ಟೂ ಕೊಳವೆ ಕೆಳಕ್ಕಿಳಿಯುತ್ತದೆ. ಅವನ ಬಿಯರಿನ ಸಾಪೇಕ್ಷ ಸಾಂದ್ರತೆ (ನೀರಿನದು 1.000 ಎಂದಿಟ್ಟುಕೊಂಡರೆ) ಮೊದಲ ದಿನ 1.048 ಇತ್ತು. ಅಳತೆಯ ಜಾಡಿಯಲ್ಲಿ ಕೊಳವೆಯನ್ನೊಮ್ಮೆ ತಿರುಗಿಸಿ ಅಂಟಿದ ಗುಳ್ಳೆಗಳನ್ನು ಉದುರಿಸಿ ಓದಲು ಹೇಳಿದೆ, ಏಕೆಂದರೆ ಅವು ಕೊಳವೆಯನ್ನು ಮೇಲೆತ್ತಿ ಸುಳ್ಳು ಅಂಕಿ ತೋರಿಸುತ್ತವೆ. ಬಂದದ್ದು 1.020.

ಅವನು ಬಳಸಿದ ಯೀಸ್ಟ್ ಸಾಂದ್ರತೆಯನ್ನು ಸುಮಾರು ಶೇ. 75ರಷ್ಟು ಇಳಿಸುವಂಥದ್ದು ಎಂದು ಪೊಟ್ಟಣದ ಮೇಲಿದೆ. ನೀರಿನ 1.000ಕ್ಕಿಂತ ಮೇಲಿನ ಪ್ರತಿ 0.001ನ್ನು ಒಂದು ಅಂಕ ಎಂದರೆ, ಮೊದಲಿದ್ದ 48ರಲ್ಲಿ ಮುಕ್ಕಾಲು ಪಾಲು 36. ಅಂದರೆ ಬಿಯರ್ 1.012ರ ಆಸುಪಾಸಿಗೆ ಇಳಿಯಬೇಕು, ಇನ್ನೂ 8 ಅಂಕ ಬಾಕಿ. ಮುಚ್ಚಿದ ಬಾಟಲಿಯೊಳಗೆ ಒಂದೊಂದು ಅಂಕವೂ ಬಿಯರಿನ ಗಾತ್ರದ ಸುಮಾರು ಅರ್ಧದಷ್ಟು ಅನಿಲವನ್ನು ಕೊಡುತ್ತದೆ. ಸಾಮಾನ್ಯ ಬಿಯರಿನಲ್ಲಿ ಇರುವುದೇ ಎರಡು, ಎರಡೂವರೆ ಪಟ್ಟು ಅನಿಲ. ಇದರಲ್ಲಿ ಈಗಾಗಲೇ ಕರಗಿರುವುದರ ಮೇಲೆ ಇನ್ನೂ ನಾಲ್ಕು ಪಟ್ಟು ಸೇರಿದರೆ ಗಾಜು ಸಿಡಿದು ಕಣ್ಣಿಗೇ ಅಪಾಯ.

"ಎರಡು ಮೂರು ದಿನ ಬಿಟ್ಟು ಅಳೆದಾಗ ಅದೇ ಅಂಕಿ ಬಂದರೆ ಮುಗಿದಂತೆ ಅಲ್ಲವೇ?" ಎಂದ. ಆ ನಿಯಮ ಸರಿಯೇ, ಆದರೆ ಅರ್ಧ ಮಾತ್ರ. ಅವನ ಕೋಣೆ 14 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ; ಅವನು ಮಾಡುತ್ತಿರುವ ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ಚಳಿಗೆ ಮುದುಡಿ ತಳ ಸೇರಿದ ಯೀಸ್ಟ್ ವಾರವಿಡೀ 1.020ನ್ನೇ ತೋರಿಸಬಹುದು. (ಇಲ್ಲಿನ ಫೆಬ್ರವರಿಯಲ್ಲಿ ಫ್ಯಾನ್ ಹಾಕಿಕೊಂಡು ಕುಳಿತವನಿಗೆ ಈ ಕಷ್ಟ ಹೊಳೆಯುವುದೇ ತಡವಾಗಿ.) ಹಾಗಾಗಿ ಅಂಕಿ ಸ್ಥಿರವಾಗಿರಬೇಕು, ಇಳಿಯಬೇಕಾದಷ್ಟು ಇಳಿದೂ ಇರಬೇಕು. ಅನುಮಾನವಿದ್ದರೆ ಒಂದು ಲೋಟ ಬಿಯರನ್ನು ಬೇರೆ ತೆಗೆದು, ಯೀಸ್ಟನ್ನು ಧಾರಾಳವಾಗಿ ಹಾಕಿ, 25 ಡಿಗ್ರಿಯಲ್ಲಿ ಇಟ್ಟು ನೋಡಬಹುದು. ಆ ಲೋಟ ಎಲ್ಲಿಗೆ ಇಳಿದು ನಿಲ್ಲುತ್ತದೆಯೋ ಡಬ್ಬಿಯ ಗಡಿಯೂ ಹೆಚ್ಚುಕಡಿಮೆ ಅಲ್ಲೇ. ಇಡೀ ಡಬ್ಬಿಯನ್ನು 20 ಡಿಗ್ರಿಗೆ ತಂದು, ಗಾಳಿ ಸೇರದಂತೆ ಮೆಲ್ಲಗೆ ಅಲುಗಿಸಿ ಯೀಸ್ಟನ್ನು ಎಬ್ಬಿಸಲು ಹೇಳಿದ್ದೇನೆ.

ಇನ್ನೊಂದು ಪರೀಕ್ಷೆ ಮೂಗಿನದು. ಹುದುಗುವಾಗ ಹುಟ್ಟುವ ಡೈಅಸಿಟೈಲ್ ಬೆಣ್ಣೆಗೆ ಅದರ ಪರಿಮಳ ಕೊಡುವ ಪದಾರ್ಥಗಳಲ್ಲೊಂದು. ನಮ್ಮೂರಿನ ಬೆಣ್ಣೆ ದೋಸೆಯಲ್ಲಿ ಮೆಚ್ಚುವ ಆ ವಾಸನೆ ಬಿಯರಿನಲ್ಲಿ ದೋಷ. ಸಾಂದ್ರತೆ ನಿಂತ ಮೇಲೂ ಯೀಸ್ಟ್ ಅದನ್ನು ಮರಳಿ ಹೀರಿಕೊಳ್ಳಲು ಕೆಲವು ದಿನ ಬೇಕು. ಎರಡು ಲೋಟಗಳಲ್ಲಿ ಒಂದನ್ನು ಮುಚ್ಚಿ ಬಿಸಿನೀರಿನಲ್ಲಿಟ್ಟು, ತಣಿಸಿ, ಎರಡನ್ನೂ ಮೂಸಬೇಕು; ಬಿಸಿಮಾಡಿದ್ದರಲ್ಲಿ ಬೆಣ್ಣೆ ನಾರಿದರೆ ಇನ್ನೂ ಕಾಯಬೇಕು.

ಬುಧವಾರ ಮತ್ತೆ ಅಳೆಯುತ್ತಾನೆ. ಬಿಯರಿನಲ್ಲಿ ಹದವಾದ ಅನಿಲ ತುಂಬಲೆಂದು ಬಾಟಲಿಗೆ ಹಾಕುವ ಸಕ್ಕರೆ ಲೀಟರಿಗೆ ಸುಮಾರು 6 ಗ್ರಾಂ ಎಂದು ಹೇಳಿದ್ದರೂ, 1.012 ಕಾಣುವವರೆಗೆ ಅದನ್ನು ತೂಗಬೇಡ ಎಂದಿದ್ದೇನೆ.