ಹೋಂ ಸಿಗ್ನಲ್‌ನಲ್ಲಿ ನಿಂತ ಹೊಸ ಇಂಟರ್‌ಸಿಟಿ

ಹೊಸ ರೈಲು ಬೇಕೆಂಬ ಕಡತ ನಮ್ಮ ಟೈಮ್ ಟೇಬಲ್ ಸೆಲ್‌ಗೆ ಬರುವುದೇ ತಲೆಕೆಳಗಾಗಿ. ಮೊದಲು ಹಸಿರು ಬಾವುಟದ ದಿನಾಂಕ, ಆಮೇಲೆ ರೈಲಿನ ಹೆಸರು, ಅದರ ಹಿಂದೆ ನಿಲುಗಡೆಗಳ ಪಟ್ಟಿ. ಹಳಿಯ ಮೇಲೆ ಆ ಗಾಡಿಗೆ ಬಿಡುವಿನ ಸಮಯ, ಅಂದರೆ ಪಾಥ್, ಇದೆಯೇ ಎಂಬ ಪ್ರಶ್ನೆ ಕೊನೆಯ ಪುಟದಲ್ಲಿ. ನಾನು ಹೇಳಹೊರಟಿರುವ ಗಾಡಿಯೂ ಹಾಗೆಯೇ ಬಂದದ್ದು. ಜಿಲ್ಲಾ ಕೇಂದ್ರವೊಂದರಿಂದ ನಸುಕಿನಲ್ಲಿ ಹೊರಟು ಕಚೇರಿ ವೇಳೆಗೆ ಬೆಂಗಳೂರು ಮುಟ್ಟಬೇಕಾದ ಇಂಟರ್‌ಸಿಟಿ. ಯಾವ ಊರು, ಯಾವ ಸೆಕ್ಷನ್ ಎಂದು ಬರೆಯುವುದಿಲ್ಲ. ನನ್ನ ಸಂಬಳ ಇನ್ನೂ ಅಲ್ಲಿಂದಲೇ ಬರುತ್ತಿದೆ.

ಬೇಡಿಕೆ ನ್ಯಾಯವಾದದ್ದೇ. ಮೈಸೂರು, ಹುಬ್ಬಳ್ಳಿ ಕಡೆಯ ಮುಖ್ಯ ಮಾರ್ಗಗಳು ಜೋಡಿ ಹಳಿಯಾದ ಮೇಲೆ ಆ ಕಡೆ ಗಾಡಿಗಳು ಹೆಚ್ಚಿವೆ. 2023ರ ಜೂನ್‌ನಲ್ಲಿ ಧಾರವಾಡಕ್ಕೆ ವಂದೇ ಭಾರತ್ ಕೂಡ ಬಂತು. ಅದನ್ನು ನೋಡಿ ಉಳಿದ ಜಿಲ್ಲೆಗಳವರು ನಮಗೇಕಿಲ್ಲ ಎಂದು ಕೇಳುವುದು ಸಹಜ. ಆದರೆ ಜಂಕ್ಷನ್ ದಾಟಿ ಕವಲು ಹಿಡಿದರೆ ಬೀರೂರು–ಶಿವಮೊಗ್ಗ–ತಾಳಗುಪ್ಪದಂತಹ ಒಂಟಿ ಹಳಿ. ಹಾಸನದಿಂದ ಮಂಗಳೂರಿಗೂ ಒಂಟಿ ಹಳಿಯೇ. ಅದರ ಮಧ್ಯೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 55 ಕಿ.ಮೀ. ಘಾಟ್, 57 ಸುರಂಗ, 1:50ರ ಏರು. ಇಂತಹ ಕಡೆ ಒಂದು ಗಾಡಿ ಸೇರಿಸುವುದೆಂದರೆ ಎದುರಿನಿಂದ ಬರುವ ಪ್ರತಿಯೊಂದು ಗಾಡಿಯ ಜೊತೆಗೂ ಒಂದೊಂದು ಒಪ್ಪಂದ ಮಾಡಿಕೊಂಡಂತೆ.

ನಮ್ಮ ತಲೆಬಿಸಿಯೆಲ್ಲ ಬೆಂಗಳೂರಿನ ತುದಿಯದ್ದಾಗಿತ್ತು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದರೂ ಇಂಟರ್‌ಸಿಟಿ ಕೇಳುವವರಿಗೆ ಮೆಜೆಸ್ಟಿಕ್ಕೇ ಬೇಕು. ಅಲ್ಲಿ ಬೆಳಗಿನ ಹೊತ್ತು ಪ್ಲಾಟ್‌ಫಾರ್ಮ್ ಖಾಲಿ ಸಿಗುವುದೇ ಅಪರೂಪ. ಇವರೊಡನೆ ಜಗಳವಾಡಿ, ಅವರ ಗಾಡಿಯನ್ನು ಸ್ವಲ್ಪ ಸರಿಸಿ, ಕಡೆಗೂ ಒಂದು ಬಿಡುವು ಹುಡುಕಿದಾಗ ನನಗೆ ಅರ್ಧ ಕೆಲಸ ಮುಗಿದ ಖುಷಿ. ಬೋಗಿಗಳ ಜೋಡಣೆ, ಅಂದರೆ ರೇಕ್ ಸಿಕ್ಕಿತು, ಅದನ್ನು ತಪಾಸಣೆ ಮಾಡುವ ಪಿಟ್ ಲೈನ್ ಸಿಕ್ಕಿತು. ಉಳಿದದ್ದು ಸೆಕ್ಷನ್‌ನೊಳಗಿನ ಕ್ರಾಸಿಂಗ್‌ಗಳು, ಅಂದರೆ ಒಂಟಿ ಹಳಿಯಲ್ಲಿ ಎದುರುಬದುರು ಗಾಡಿಗಳು ಒಂದನ್ನೊಂದು ದಾಟುವ ನಿಲ್ದಾಣಗಳು. ಅವುಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟೆ.

ಅವುಗಳಲ್ಲಿ ಒಂದು ನಿಲ್ದಾಣವಿತ್ತು. ನಮ್ಮ ಗಾಡಿಗೆ ಅಲ್ಲಿ ನಿಲುಗಡೆಯಿಲ್ಲ, ನಿಲುಗಡೆ ಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ಇಂಟರ್‌ಸಿಟಿ ಪಕ್ಕದ ಹಳಿಯಾದ ಲೂಪ್‌ಗೆ ಬರುತ್ತದೆ, ಎದುರಿನ ಎಕ್ಸ್‌ಪ್ರೆಸ್ ಮೇನ್ ಲೈನ್‌ನಲ್ಲಿ ನಿಲ್ಲದೆ ಹೋಗುತ್ತದೆ, ಐದು ನಿಮಿಷ. ಚಾರ್ಟ್ ಹಾಕುವ ತಂತ್ರಾಂಶ ತಕರಾರು ಮಾಡಲಿಲ್ಲ. ಅದಕ್ಕೆ ಲೂಪ್ ಇದೆಯೋ ಇಲ್ಲವೋ ಅಷ್ಟೇ ಗೊತ್ತು. ಎರಡೂ ಕಡೆಯ ಗಾಡಿಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಬಹುದೇ ಎಂದು ಅದನ್ನು ಕೇಳುವ ಜಾಗವೇ ಇರಲಿಲ್ಲ. ನಾನೂ ಕೇಳಲಿಲ್ಲ.

ಉದ್ಘಾಟನೆಯ ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ನಡೆಯದೆ ಏನು? ಉದ್ಘಾಟನಾ ವಿಶೇಷ ರೈಲು ನಡುಮಧ್ಯಾಹ್ನ ಹೊರಡುತ್ತದೆ, ಪ್ರತಿ ಊರಿನಲ್ಲೂ ಹಾರ, ಭಾಷಣ. ಅದು ತಡವಾದರೆ ಯಾರೂ ಲೆಕ್ಕ ಹಾಕುವುದಿಲ್ಲ. ನಿಜವಾದ ವೇಳಾಪಟ್ಟಿ ಜಾರಿಗೆ ಬಂದ ಮೊದಲ ಬೆಳಿಗ್ಗೆ, ಹುಮ್ಮಸ್ಸಿನಿಂದ ಕಂಟ್ರೋಲ್ ಕಚೇರಿಗೆ ಹೋಗಿ ಸೆಕ್ಷನ್ ಕಂಟ್ರೋಲರ್ ಹಿಂದೆ ನಿಂತೆ.

ಹಿಂದಿನ ಬ್ಲಾಕ್ ಸೆಕ್ಷನ್‌ನಲ್ಲಿ ನಿಧಾನಕ್ಕೆ ಹೋಗಬೇಕೆಂಬ ಕಾಷನ್ ಆರ್ಡರ್ ಇತ್ತು. ಇಂಟರ್‌ಸಿಟಿ ಮೂರು ನಿಮಿಷ ಹಿಂದೆ ಬಿತ್ತು. ಮೂರು ನಿಮಿಷ ಏನು ಮಹಾ ಎಂದುಕೊಂಡೆ. ಬೆಂಗಳೂರು ಸಮೀಪಿಸುವಷ್ಟರಲ್ಲಿ ಸರಿಹೋಗುವಷ್ಟು ಹೆಚ್ಚುವರಿ ಸಮಯ, ಅಲವೆನ್ಸ್, ಇಟ್ಟಿದ್ದೆ. ಎಕ್ಸ್‌ಪ್ರೆಸ್ ಮಾತ್ರ ಸರಿಯಾದ ಸಮಯಕ್ಕೆ ಎದುರಿನಿಂದ ಬಂತು. ಕಂಟ್ರೋಲರ್ ಹೆಡ್‌ಫೋನ್ ಸರಿಸಿ ನನ್ನ ಕಡೆ ತಿರುಗಿದರು.

“ನಿಮ್ಮ ಗಾಡಿ ನಿಲ್ದಾಣದ ಹೊರಗೆ, ಹೋಂ ಸಿಗ್ನಲ್‌ನಲ್ಲಿ ನಿಂತಿದೆ. ಎಕ್ಸ್‌ಪ್ರೆಸ್ ಮೊದಲು ಒಳಗೆ ಬರುತ್ತದೆ.”

“ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಹೇಳಿ ಸರ್.”

ಅವರು ಉತ್ತರ ಕೊಡದೆ ಲೈನನ್ನು ನನಗೇ ಕೊಟ್ಟರು. ಆ ಕಡೆಯಿಂದ ಸ್ಟೇಷನ್ ಮಾಸ್ಟರ್ ತಾಳ್ಮೆಯಿಂದಲೇ ಹೇಳಿದರು: “ಇಲ್ಲಿ ಹಾಗೆ ಬರುವುದಿಲ್ಲ ಸರ್. ಸ್ಯಾಂಡ್ ಹಂಪ್ ಇಲ್ಲ. ಸ್ಟೇಷನ್ ವರ್ಕಿಂಗ್ ರೂಲ್ಸ್‌ನಲ್ಲಿ ಬರೆದಿದೆಯಲ್ಲ.” ಸ್ಯಾಂಡ್ ಹಂಪ್ ಎಂದರೆ, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಬಂದ ಗಾಡಿಯನ್ನು ತಡೆಯಲು ಲೂಪ್‌ನ ತುದಿಯಲ್ಲಿ ಹಾಕುವ ಮರಳಿನ ದಿಬ್ಬ.

ಆಮೇಲೆ ಮಾಡಲು ಕೆಲಸವೇನೂ ಇರಲಿಲ್ಲ, ನೋಡುತ್ತಾ ನಿಲ್ಲುವುದೊಂದೇ. ಎಕ್ಸ್‌ಪ್ರೆಸ್ ಮೇನ್ ಲೈನ್‌ಗೆ ಬಂದು, ಹೊರಡಲು ಅನುಮತಿ ಕೊಡುವ ಸ್ಟಾರ್ಟರ್ ಸಿಗ್ನಲ್ ಎದುರು ನಿಂತಿತು. ನಿಲ್ಲದೆ ಹೋಗಬೇಕಾದ ಗಾಡಿ ಅದು. ಆ ಸಿಗ್ನಲ್ ಆಚೆ ಅದಕ್ಕಾಗಿ ಖಾಲಿ ಕಾಯ್ದಿಟ್ಟ ಹಳಿ, ಅಂದರೆ ಓವರ್‌ಲ್ಯಾಪ್, ಬಿಡುಗಡೆಯಾಗಲು 120 ಸೆಕೆಂಡ್. ಆ ಎರಡು ನಿಮಿಷವನ್ನು ಯಾವ ಅಧಿಕಾರಿ ಫೋನ್ ಮಾಡಿದರೂ ಕಡಿಮೆ ಮಾಡಲಾಗುವುದಿಲ್ಲ. ಮಾಡಲು ನೋಡಿದವರೊಬ್ಬರಿದ್ದರು, ಇರಲಿ. ಹಳಿ ಬದಲಿಸುವ ಪಾಯಿಂಟ್ ಲೂಪ್‌ಗೆ ತಿರುಗಿತು, ಹೋಂ ಸಿಗ್ನಲ್ ದಾರಿ ಕೊಟ್ಟಿತು. ಏರಿನಲ್ಲಿ ನಿಂತಿದ್ದ ಇಂಟರ್‌ಸಿಟಿ ನಿಧಾನಕ್ಕೆ ಎದ್ದು ಹೊರಟಿತು. ಹಳೆಯ, ತಿರುವು ಹೆಚ್ಚಿರುವ 1:8.5ರ ಪಾಯಿಂಟ್, ವೇಗ ಗಂಟೆಗೆ 15 ಕಿ.ಮೀ. 16 ಬೋಗಿ, ಎಂಜಿನ್ ಸೇರಿ ಸುಮಾರು 400 ಮೀಟರ್ ಉದ್ದದ ಗಾಡಿ ಅದನ್ನು ದಾಟಲು ಒಂದೂವರೆ ನಿಮಿಷಕ್ಕೂ ಹೆಚ್ಚು ಬೇಕು. ಕೊನೆಯ ಬೋಗಿ ಎರಡು ಹಳಿ ಕೂಡುವೆಡೆಯ ಫೌಲಿಂಗ್ ಮಾರ್ಕ್ ದಾಟುವವರೆಗೂ ಎಕ್ಸ್‌ಪ್ರೆಸ್ ಅಲ್ಲಾಡುವಂತಿಲ್ಲ. ಪರದೆಯ ಮೇಲೆ ಇಂಟರ್‌ಸಿಟಿಯ ಕೆಂಪು ಪಟ್ಟಿ ಒಂದೊಂದೇ ತುಂಡು ಮುಂದೆ ಹೋಗುವುದನ್ನು ನೋಡುತ್ತಾ ನನ್ನ ಐದು ನಿಮಿಷವನ್ನು ನೆನೆದು ಮೈಯೆಲ್ಲ ಉರಿಯಿತು. ಇಂಟರ್‌ಸಿಟಿ ಅಲ್ಲಿಂದ ಹೊರಟಾಗ ಹದಿನೇಳು ನಿಮಿಷ ತಡ. ಮೆಜೆಸ್ಟಿಕ್‌ನಲ್ಲಿ ಜಗಳವಾಡಿ ಗಳಿಸಿದ ಪ್ಲಾಟ್‌ಫಾರ್ಮ್ ಅಷ್ಟರಲ್ಲಿ ಬೇರೆ ಗಾಡಿಯ ಪಾಲಾಗಿತ್ತು. ಬೆಂಗಳೂರು ಕಣ್ಣಿಗೆ ಕಾಣುವ ದೂರದಲ್ಲಿ ಪ್ರಯಾಣಿಕರು ಅರ್ಧ ಗಂಟೆ ಕುಳಿತರು.

ಮರುದಿನದ ಪಂಕ್ಚುಯಾಲಿಟಿ ಸಭೆ ಒಂದು ತಮಾಷೆ. ಆ ನಿಮಿಷಗಳನ್ನು ಯಾರ ಖಾತೆಗೆ ಹಾಕುವುದು? ಆಪರೇಟಿಂಗ್‌ನವರು ಸಿಗ್ನಲ್ ಎಂದರು. ಸಿಗ್ನಲ್‌ನವರು, ನಮ್ಮ ಸಿಗ್ನಲ್ ಹೇಗೆ ಇರಬೇಕೋ ಹಾಗೆಯೇ ಕೆಲಸ ಮಾಡಿದೆ, ಅದನ್ನು ದೋಷ ಎಂದು ಕರೆಯುವುದು ಹೇಗೆ ಎಂದರು. ಇಂಜಿನಿಯರಿಂಗ್‌ನವರು ಕಾಷನ್ ಆರ್ಡರಿನ ಮೂರು ನಿಮಿಷ ಒಪ್ಪಿಕೊಂಡು, ಮಿಕ್ಕದ್ದರ ಸಹವಾಸವೇ ಬೇಡ ಎಂದರು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ಆ ವರ್ಕಿಂಗ್ ರೂಲ್ಸ್ ನಮ್ಮದೇ ಕಚೇರಿಯ ಕಪಾಟಿನಲ್ಲಿತ್ತು. ನನ್ನ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ.

ಆ ವಾರವೇ ಎಂಜಿನ್‌ನಲ್ಲಿ ಕುಳಿತು ಇಡೀ ಸೆಕ್ಷನ್ ನೋಡಿಕೊಂಡು ಬಂದೆ. ಲೋಕೋ ಪೈಲಟ್ ಆ ನಿಲ್ದಾಣ ಇನ್ನೂ ಎರಡು ಮೈಲಿ ದೂರವಿರುವಾಗಲೇ, “ಇಲ್ಲಿ ಕ್ರಾಸಿಂಗ್ ಇಟ್ಟವರು ಯಾರೋ” ಎಂದು ಗೊಣಗಿದರು. ನಾನು ಕಿಟಕಿಯಾಚೆ ನೋಡಿದೆ. ಈಗ ಯಾವುದೇ ಪಾಥ್ ಎಳೆಯುವ ಮುನ್ನ ಕ್ರಾಸಿಂಗ್ ಬೀಳುವ ಪ್ರತಿ ನಿಲ್ದಾಣದ ರೂಲ್ಸ್ ಮೇಜಿನ ಮೇಲೆ ಬರಬೇಕು, ಸಾಧ್ಯವಾದರೆ ಎಂಜಿನ್ ಪ್ರಯಾಣವೂ ಆಗಬೇಕು. ಕಿರಿಯರು ಇದನ್ನು ನನ್ನ ಗೀಳು ಎನ್ನುತ್ತಾರೆ.

ತಾತ್ಕಾಲಿಕ ಪರಿಹಾರವಾಗಿ ಇಂಟರ್‌ಸಿಟಿಯನ್ನು ಹತ್ತು ನಿಮಿಷ ಮೊದಲು ಹೊರಡಿಸಿ ಕ್ರಾಸಿಂಗ್ ಅನ್ನು ಮುಂದಿನ ನಿಲ್ದಾಣಕ್ಕೆ ಒಯ್ದೆವು. ಪ್ರಯಾಣಿಕರು ಬೈದರು, ಅವರು ಬೈದದ್ದು ಸರಿಯೇ. ಸ್ಯಾಂಡ್ ಹಂಪ್ ಹಾಕಿಸುವ ಪ್ರಸ್ತಾವಕ್ಕೆ ಬಂದ ಉತ್ತರ: ಈ ಮಾರ್ಗ ಹೇಗೂ ಜೋಡಿಯಾಗಲಿದೆ, ಈಗ ಖರ್ಚು ಏಕೆ? ಜೋಡಿ ಹಳಿ ಯಾವಾಗ ಎಂದು ಕೇಳಿದರೆ, ಭೂಮಿ ಸಿಕ್ಕಾಗ. ರಾಜ್ಯ ಸರ್ಕಾರ ತುಮಕೂರು–ದಾವಣಗೆರೆ, ಧಾರವಾಡ–ಬೆಳಗಾವಿಯಂತಹ ಹೊಸ ಮಾರ್ಗಗಳಿಗೆ ಅರ್ಧ ವೆಚ್ಚ ಹೊರುತ್ತದೆ. ಇರುವ ಮಾರ್ಗದ ಲೂಪ್ ತುದಿಯಲ್ಲಿ ಒಂದಿಷ್ಟು ಮರಳು ಸುರಿಯಲು ಮಾತ್ರ ಮುಂದೆ ಬರುವವರಿಲ್ಲ. ಅಲ್ಲಿ ಬಾವುಟ ಬೀಸುವಂಥದ್ದು ಏನಿದೆ?

ಈಗ ಇನ್ನೊಂದು ಕಡತ ಬಂದಿದೆ. ಅದೇ ರೇಕ್ ಮಧ್ಯಾಹ್ನ “ಸುಮ್ಮನೆ ನಿಂತಿರುತ್ತದೆ”, ಅದನ್ನು ಇನ್ನೊಂದು ಜಿಲ್ಲೆಗೆ ಓಡಿಸಿ ಎಂದು. ಅದು ಪಿಟ್ ಲೈನ್‌ನಲ್ಲಿ ತಪಾಸಣೆಗೆ ನಿಲ್ಲುವ ಹೊತ್ತು ಎಂದು ಬರೆದು, ದಾರಿಯ ನಿಲ್ದಾಣಗಳ ವರ್ಕಿಂಗ್ ರೂಲ್ಸ್ ಲಗತ್ತಿಸಿ ಮೇಲಕ್ಕೆ ಕಳುಹಿಸಿದೆ. “ಅನಗತ್ಯ ವಿಳಂಬ” ಎಂಬ ಷರಾ ಹೊತ್ತು ನಿನ್ನೆ ಅದು ವಾಪಸ್ ಬಂದಿದೆ.